ಅಳತೆ ಎಲ್ಲಿಂದ ಹಿಡಿದೆ?

ನನ್ನ ಅಪ್ಪ ಬಡಗಿ. "ಅಳತೆ ಸರಿಯಿದೆ, ಆದರೆ ಎಲ್ಲಿಂದ ಹಿಡಿದೆ?" ಎಂದು ಕೆಲಸ ಕಲಿಯಲು ಬಂದ ಹುಡುಗರನ್ನು ದಿನಕ್ಕೆ ಹತ್ತು ಸಲ ಕೇಳುತ್ತಿದ್ದರು. ನಾನು ಮಾತ್ರ ಉಳಿ ಹಿಡಿಯಲಿಲ್ಲ. ಅಂಗಿಯ ತುಂಬ ಮರದ ಪುಡಿ ಮೆತ್ತಿಕೊಂಡು ಅಪ್ಪ ಶಾಲೆಯ ಗೇಟಿಗೆ ಬಂದರೆ ನನಗೆ ನಾಚಿಕೆಯಾಗುತ್ತಿತ್ತು. ಓದಿ ಕಂಪ್ಯೂಟರ್ ಕಲಿತೆ. ಮೂರು ಆಯಾಮದ ಆಕೃತಿಗಳನ್ನು ರಚಿಸುವುದು ಈಗ ನನ್ನ ಕಸುಬು.

ಅಪ್ಪ ತೀರಿಕೊಂಡ ಮರುವರ್ಷ ಹಳೆಯ ಮನೆ ಕೆಡವಿದೆವು. ಅವರು ಕೆತ್ತಿದ್ದ ದಾರಂದಕ್ಕೆ ಗೆದ್ದಲು ಹಿಡಿದಿತ್ತು, ಉಳಿಸಲಾಗಲಿಲ್ಲ. ಉಳಿದದ್ದು ಎರಡು ಫೋಟೋ ಮತ್ತು ಅಪ್ಪನ ಅಳತೆ ಪುಸ್ತಕ. ಅಮ್ಮನಿಗೆ ತೋರಿಸಲೆಂದು ಅದನ್ನು ಬ್ಲೆಂಡರ್‌ನಲ್ಲಿ ಮತ್ತೆ ಕಟ್ಟಲು ಕುಳಿತೆ.

ಬ್ಲೆಂಡರ್ ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ತಂತ್ರಾಂಶ. 2002ರಲ್ಲಿ ಅದರ ಕಂಪನಿ ಮುಚ್ಚಿದಾಗ ಬಳಕೆದಾರರೇ ಒಂದು ಲಕ್ಷ ಯೂರೋ ಕೂಡಿಸಿ ಅದನ್ನು ಬಿಡಿಸಿಕೊಂಡರು. ಅದರಲ್ಲಿ ಆಕಾರವೆಂದರೆ ಬಿಂದುಗಳನ್ನು ಜೋಡಿಸಿ ಹೆಣೆದ ಬಲೆ. ಬಲೆಗೆ ಮೆಶ್ ಎಂದೂ ಬಿಂದುವಿಗೆ ವರ್ಟೆಕ್ಸ್ ಎಂದೂ ಹೆಸರು. ಒಂದು ಪೆಟ್ಟಿಗೆಗೆ 8 ಬಿಂದು ಸಾಕು, ಕೆತ್ತನೆಯ ಕಂಬಕ್ಕೆ ಸಾವಿರಾರು ಬೇಕು.

ಅಪ್ಪನ ಪುಸ್ತಕದಲ್ಲಿ ಎಡಗಂಬ 76 ಇಂಚು, ಬಲಗಂಬ 75½ ಎಂದಿತ್ತು. ಕೈತಪ್ಪಿ ಬರೆದಿರಬೇಕೆಂದು ಎರಡನ್ನೂ 75½ ಮಾಡಿದೆ. ಅಮ್ಮ ನೋಡಿದವರೇ, "ಚೆಂದ ಇದೆ, ಆದರೆ ಇದು ನಮ್ಮ ಬಾಗಿಲಲ್ಲ" ಎಂದರು. "ನಮ್ಮ ಹೊಸ್ತಿಲ ಕಲ್ಲು ಎಡಕ್ಕೆ ತಗ್ಗಿತ್ತು. ನೀರು ಚೆಲ್ಲಿದರೆ ಅತ್ತಲೇ ಹರಿಯುತ್ತಿತ್ತು." ಮೇಲಿನ ಪಟ್ಟಿ ಮಟ್ಟವಾಗಿರಲೆಂದು ಅಪ್ಪ ಎಡಗಂಬವನ್ನು ಅರ್ಧ ಇಂಚು ಉದ್ದ ಇಟ್ಟಿದ್ದರು!

ಕಂಬವನ್ನು ಸುಮ್ಮನೆ ಹಿಗ್ಗಿಸಿದರೆ ಬುಡದ ಬಳ್ಳಿಯ ಕೆತ್ತನೆಯೂ ಹಿಗ್ಗುತ್ತದೆ. ಅದಕ್ಕೆ ಪೈಥಾನ್ ಭಾಷೆಯಲ್ಲಿ ಪುಟ್ಟ ಸ್ಕ್ರಿಪ್ಟ್ ಬರೆದೆ: ಎಡಭಾಗದಲ್ಲಿ, ಇಷ್ಟು ಎತ್ತರಕ್ಕಿಂತ ಕೆಳಗಿರುವ ಪ್ರತಿ ಬಿಂದುವನ್ನೂ ಅರ್ಧ ಇಂಚು ಇಳಿಸು. ಆಗ ಕೆತ್ತನೆ ಇದ್ದ ಹಾಗೇ ಇಳಿಯುತ್ತದೆ, ಅದರ ಮೇಲಿನ ಬರಿಯ ಮರ ಮಾತ್ರ ಉದ್ದವಾಗುತ್ತದೆ.

ಮೊದಲ ಸಲ ಏನೂ ಕದಲಲಿಲ್ಲ. ಎಡಿಟ್ ಮೋಡ್‌ನಲ್ಲಿರುವಾಗ ಬ್ಲೆಂಡರ್ ಮೆಶ್‌ನ ಬೇರೊಂದು ಪ್ರತಿಯ ಮೇಲೆ ಕೆಲಸ ಮಾಡುತ್ತದೆ, ನಾನು ತಿದ್ದಿದ್ದು ಹಿಂದಿನ ಪ್ರತಿಯನ್ನು. ಎಡಿಟ್ ಮೋಡ್‌ನಿಂದ ಹೊರಬಂದು ಮತ್ತೆ ಓಡಿಸಿದೆ. ಈಗ ಬುಡ ಒಂದು ಇಂಚು ಇಳಿಯಿತು! ಲೆಕ್ಕ ಹತ್ತು ಸಲ ನೋಡಿದೆ, ತಪ್ಪಿರಲಿಲ್ಲ.

ಆಗ ಅಪ್ಪನ ಪ್ರಶ್ನೆ ನೆನಪಾಯಿತು. ಬಿಂದುವಿನ ಅಳತೆ ಶುರುವಾಗುವುದು ಆ ವಸ್ತುವಿನದೇ ಮೂಲಬಿಂದುವಿನಿಂದ, ಅದರದೇ ಅಳತೆಗೋಲಿನಲ್ಲಿ. ದಾರಂದವನ್ನು ನಾನು ಮೊದಲು ಅರ್ಧ ಗಾತ್ರದಲ್ಲಿ ಮಾಡಿ, ಆಮೇಲೆ ಇಡಿಯಾಗಿ ಎರಡು ಪಟ್ಟು ಹಿಗ್ಗಿಸಿದ್ದೆ. ಅದರೊಳಗಿನ ಅರ್ಧ ಇಂಚು ಹೊರಗೆ ಒಂದು ಇಂಚಾಗಿತ್ತು. ಆ ಹಿಗ್ಗನ್ನು ಬಿಂದುಗಳಿಗೇ ಸೇರಿಸಿ ಅಳತೆಗೋಲನ್ನು ಒಂದಕ್ಕೆ ತಂದೆ. ಬುಡ ಸರಿಯಾಗಿ ಅರ್ಧ ಇಂಚು ಇಳಿದು ನಿಂತಿತು.

ಅಮ್ಮ ಪರದೆಯ ಮೇಲೆ ಎಡಗಂಬದ ಬುಡವನ್ನು ಬೆರಳಿನಿಂದ ಮುಟ್ಟಿದರು. ಬಹಳ ಹೊತ್ತು ಮಾತಾಡಲಿಲ್ಲ.

ಅಪ್ಪನ ಪುಸ್ತಕದಲ್ಲಿ ತಪ್ಪಿರಲಿಲ್ಲ. ಅವರು ಹೊಸ್ತಿಲಿನಿಂದ ಅಳೆದಿದ್ದರು. ನಾನು ಅವರನ್ನು ಅಷ್ಟು ವರ್ಷ ಅಳೆದದ್ದು ಶಾಲೆಯ ಗೇಟಿನಿಂದ.