ಮೊದಲು ನೀರಿಗೆ ಜಾಗ, ಆಮೇಲೆ ಮನೆಗೆ

ಭೂಪಟದಲ್ಲಿ ಉತ್ತರ ಅಮೆರಿಕ ಮತ್ತು ದಕ್ಷಿಣ ಅಮೆರಿಕಗಳನ್ನು ಜೋಡಿಸುವ ಸಪೂರ ನೆಲದ ಮೇಲೆ ಬೆರಳಿಟ್ಟು ನೋಡಿ. ನಿಕರಾಗುವಾ ಮತ್ತು ಪನಾಮಗಳ ನಡುವೆ, ಎರಡು ಸಾಗರಗಳಿಗೆ ಮೈಯೊಡ್ಡಿ ಮಲಗಿರುವ ಪುಟ್ಟ ದೇಶವೇ ಕೋಸ್ಟರಿಕ. ವಿಸ್ತೀರ್ಣ 51,100 ಚದರ ಕಿಲೋಮೀಟರ್. ಅಂದರೆ ಕರ್ನಾಟಕದ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಈ ದೇಶಕ್ಕೆ ಸೈನ್ಯವಿಲ್ಲ. 1948ರ ಅಂತರ್ಯುದ್ಧದಲ್ಲಿ ಗೆದ್ದ ಹೊಸೆ ಫಿಗೆರೆಸ್ ಅದೇ ವರ್ಷ ಡಿಸೆಂಬರ್ 1ರಂದು ಸೈನ್ಯವನ್ನು ರದ್ದು ಮಾಡಿದರು. 1949ರ ಸಂವಿಧಾನದ 12ನೇ ವಿಧಿ ಆ ನಿರ್ಧಾರವನ್ನು ಕಾಯಂಗೊಳಿಸಿತು.

ಹಸಿರು ಬೆಟ್ಟ, ಬೆಚ್ಚಗಿನ ಕಡಲತೀರ, ಶಾಂತ ಜೀವನ. ಇವನ್ನು ಅರಸಿ ಅಮೆರಿಕ, ಕೆನಡ, ಯೂರೋಪುಗಳಿಂದ ಸಾವಿರಾರು ಮಂದಿ ಇಲ್ಲಿಗೆ ಬಂದು ಮನೆ ಕೊಂಡು ನೆಲೆಸಿದ್ದಾರೆ. ಅವರಲ್ಲಿ ನಿವೃತ್ತರೇ ಹೆಚ್ಚು ಕಾಣಿಸಿದರೂ ಎಳೆಯ ಮಕ್ಕಳೊಂದಿಗೆ ಬಂದವರೂ ಇದ್ದಾರೆ. ಪರದೇಶದಲ್ಲಿ ಮನೆ ಕೊಳ್ಳುವುದು ಹಣವಿದ್ದವರಿಗೆ ಕಷ್ಟವಲ್ಲ. ಆ ಊರಿನವರಾಗುವುದು ಕಷ್ಟ. ಅದನ್ನು ಸಾಧಿಸಿದವರ ಕಥೆಯೊಂದು ತಿಲರಾನ್ ಬೆಟ್ಟಸಾಲಿನ ಮೇಲೆ, ಸಮುದ್ರಮಟ್ಟದಿಂದ ಸುಮಾರು 4,600 ಅಡಿ ಎತ್ತರದಲ್ಲಿರುವ ಮಾಂಟೆವೆರ್ಡೆ ಎಂಬ ಊರಿನಲ್ಲಿದೆ. ಸ್ಪ್ಯಾನಿಷ್ ಭಾಷೆಯಲ್ಲಿ ಈ ಹೆಸರಿಗೆ ‘ಹಸಿರು ಬೆಟ್ಟ’ ಎಂದರ್ಥ.

ಸೆರೆಮನೆಯಿಂದ ಬೆಟ್ಟಕ್ಕೆ

ಊರಿನ ಕಥೆ ಶುರುವಾಗುವುದು ಅಮೆರಿಕದ ಅಲಬಾಮಾ ರಾಜ್ಯದ ಫೇರ್‌ಹೋಪ್‌ನಲ್ಲಿ. ಅಲ್ಲಿ ಕ್ವೇಕರ್ ಪಂಥದ ಕೆಲವು ರೈತ ಕುಟುಂಬಗಳಿದ್ದವು. ಕ್ವೇಕರರು ಯುದ್ಧವನ್ನು ಒಪ್ಪದವರು. ಮೌನವಾಗಿ ಕುಳಿತು ಪ್ರಾರ್ಥಿಸುವವರು. ಸಭೆಯಲ್ಲಿ ಮತಕ್ಕೆ ಹಾಕದೆ, ಎಲ್ಲರೂ ಒಮ್ಮತಕ್ಕೆ ಬರುವವರೆಗೆ ಕಾಯುವವರು. 1948ರಲ್ಲಿ ಅಮೆರಿಕ ಸರ್ಕಾರ ಶಾಂತಿಕಾಲದಲ್ಲೂ ತರುಣರು ಸೈನ್ಯಕ್ಕೆ ಹೆಸರು ನೋಂದಾಯಿಸಬೇಕೆಂದು ಕಾನೂನು ಮಾಡಿತು. ಫೇರ್‌ಹೋಪ್‌ನ ನಾಲ್ವರು ಕ್ವೇಕರ್ ತರುಣರು ಇದಕ್ಕೆ ಒಪ್ಪಲಿಲ್ಲ. 1949ರಲ್ಲಿ ಅವರಿಗೆ ಸಜೆಯಾಯಿತು. ಕೆಲವು ತಿಂಗಳು ಸೆರೆಮನೆಯಲ್ಲಿ ಕಳೆದು ಅವರು ಹೊರಬಂದರು. ಆ ನಾಲ್ವರಲ್ಲೊಬ್ಬರಾದ ವಿಲ್ಫರ್ಡ್ ಗಿಂಡನ್ ಮುಂದೆ ಮಾಂಟೆವೆರ್ಡೆಯ ಕಾಡು ಕಾಯುವವರಾಗಿ ಹೆಸರಾದರು.

ಯುದ್ಧಕ್ಕೆ ತೆರಿಗೆ ಕೊಡುತ್ತಾ, ಯುದ್ಧಕ್ಕೆ ಮಕ್ಕಳನ್ನು ಕಳುಹಿಸುತ್ತಾ ಬದುಕುವುದು ಬೇಡವೆಂದು ಆ ಕುಟುಂಬಗಳಿಗೆ ಅನ್ನಿಸಿತು. ಸೈನ್ಯವನ್ನೇ ಕೈಬಿಟ್ಟ ಕೋಸ್ಟರಿಕ ಅವರ ಕಣ್ಣಿಗೆ ಬಿತ್ತು. 1950ರ ಕೊನೆಯಿಂದ ಸುಮಾರು 40 ಮಂದಿ ಹೊರಟರು. ಕೆಲವರು ವಿಮಾನದಲ್ಲಿ ಬಂದರೆ, ಕೆಲವರು ವಾಹನಗಳಲ್ಲಿ ಸಾಮಾನು ಹೇರಿಕೊಂಡು, ಇನ್ನೂ ಪೂರ್ತಿಯಾಗದ ಹೆದ್ದಾರಿಯಲ್ಲಿ ಮೆಕ್ಸಿಕೋ ದಾಟಿ ಬಂದರು.

ಬಂದವರು ಕೂಡಲೇ ಜಮೀನು ಕೊಳ್ಳಲಿಲ್ಲ. ತಿಂಗಳುಗಟ್ಟಲೆ ದೇಶ ಸುತ್ತಿದರು. ಮಣ್ಣು ಹೇಗಿದೆ, ನೀರು ಎಲ್ಲಿಂದ ಬರುತ್ತದೆ, ಎಲ್ಲ ಕುಟುಂಬಗಳೂ ಅಕ್ಕಪಕ್ಕ ಇರುವಷ್ಟು ಜಾಗ ಒಂದೇ ಕಡೆ ಸಿಗುತ್ತದೆಯೇ ಎಂದು ವಿಚಾರಿಸಿದರು. 1951ರಲ್ಲಿ ತಿಲರಾನ್ ಬೆಟ್ಟದ ಮೇಲೆ ಸುಮಾರು 1,400 ಹೆಕ್ಟೇರ್ ಕೊಂಡರು. ಕೋಸ್ಟರಿಕದ ರೈತ ಕುಟುಂಬಗಳು ಆ ಸೀಮೆಯಲ್ಲಿ ಅವರಿಗಿಂತ ಮೊದಲೇ ನೆಲೆಸಿದ್ದವು. ಹೊಸಬರಿಗೆ ಅಲ್ಲಿನ ಮಳೆ, ಗಾಳಿ, ಬೇಸಾಯ ಕಲಿಸಿದವರು ಅವರೇ.

ಮೋಡ ಕರೆಯುವ ಹಾಲು

ಜಮೀನು ಹಂಚಿಕೊಳ್ಳುವಾಗ ಕ್ವೇಕರರು ಮಾಡಿದ ಒಂದು ಕೆಲಸ ಊರಿನ ಹಣೆಬರಹವನ್ನೇ ಬರೆಯಿತು. ಬೆಟ್ಟದ ನೆತ್ತಿಯ ಕಾಡನ್ನು, ಒಟ್ಟು ಜಮೀನಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು, ಅಂದರೆ 554 ಹೆಕ್ಟೇರನ್ನು ಯಾರಿಗೂ ಕೊಡದೆ ಹಾಗೇ ಬಿಟ್ಟರು. ಅದು ಗ್ವಾಸಿಮಾಲ್ ನದಿಯ ಹುಟ್ಟಿನ ಜಾಗ. ಅಲ್ಲಿ ಮರ ಕಡಿದರೆ ಕೆಳಗಿನ ಮನೆಗಳಿಗೆ ನೀರಿಲ್ಲ, ನೀರಿನಿಂದ ತಿರುಗಬೇಕಾದ ಯಂತ್ರಗಳಿಗೆ ಬಲವಿಲ್ಲ. ‘ಪರಿಸರ’ ಎಂಬ ಮಾತು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವ ಎಷ್ಟೋ ಮೊದಲು ನಡೆದ ಈ ನಿರ್ಧಾರದ ಹಿಂದೆ ಇದ್ದದ್ದು ರೈತನ ಸರಳ ಲೆಕ್ಕ.

ಆ ಲೆಕ್ಕ ಎಷ್ಟು ಸರಿಯಾಗಿತ್ತೆಂಬುದನ್ನು ವಿಜ್ಞಾನ ಆಮೇಲೆ ವಿವರಿಸಿತು. ಕೆರಿಬಿಯನ್ ಸಮುದ್ರದ ಕಡೆಯಿಂದ ಬೀಸುವ ವಾಣಿಜ್ಯ ಮಾರುತ ತೇವವನ್ನು ಹೊತ್ತು ತರುತ್ತದೆ. ಬೆಟ್ಟಕ್ಕೆ ಬಡಿದು ಮೇಲೇರಿದಾಗ ತಣ್ಣಗಾಗಿ ಮೋಡವಾಗುತ್ತದೆ. ಮೋಡ ಕಾಡಿನೊಳಕ್ಕೇ ನುಗ್ಗುತ್ತದೆ. ಎಲೆ, ಪಾಚಿ, ಜರೀಗಿಡ, ಮರದ ಮೈಗೆ ಅಂಟಿ ಬೆಳೆದ ಆರ್ಕಿಡ್‌ಗಳು ಆ ಮೋಡದಿಂದ ಹನಿಗಳನ್ನು ಹಿಡಿದು ನೆಲಕ್ಕೆ ತೊಟ್ಟಿಕ್ಕಿಸುತ್ತವೆ. ಮಳೆ ಬಾರದ ದಿನವೂ ಕಾಡು ಮೋಡದಿಂದ ಹಾಲು ಕರೆದಂತೆ ನೀರು ಕರೆಯುತ್ತಿರುತ್ತದೆ. ಮರ ಹೋದರೆ ಕರೆಯುವವರೇ ಇಲ್ಲ.

ಬೆಟ್ಟದ ಕೆಳಗೆ ಹಸು ಸಾಕಿದರು. ಹಾಲು ಯಥೇಚ್ಛವಾಗಿತ್ತು, ಆದರೆ ಪೇಟೆ ದೂರ. ಕೆಸರಿನ ದಾರಿಯಲ್ಲಿ ಹಾಲು ಕೆಟ್ಟುಹೋಗುತ್ತದೆ. ಗಿಣ್ಣಿನಂತೆ ಗಟ್ಟಿಯಾದ ಚೀಸ್ ಕೆಡುವುದಿಲ್ಲ. 1950ರ ದಶಕದಲ್ಲಿ ಚೀಸ್ ಕಾರ್ಖಾನೆ ಆರಂಭವಾಯಿತು. ಸುತ್ತಲಿನ ಕೋಸ್ಟರಿಕದ ರೈತರೂ ಅದಕ್ಕೆ ಹಾಲು ಹಾಕಿದರು. 1951ರಲ್ಲೇ ಆರಂಭವಾದ ಫ್ರೆಂಡ್ಸ್ ಸ್ಕೂಲ್ ಇಂದಿಗೂ ನಡೆಯುತ್ತಿದೆ. ಇಲ್ಲಿ ಮಕ್ಕಳು ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಕಲಿಯುತ್ತಾರೆ.

ಕಪ್ಪೆ ಹೋಯಿತು, ಮಕ್ಕಳು ಬಂದರು

1960ರ ದಶಕದಲ್ಲಿ ಈ ಕಾಡಿನಲ್ಲಿ ಹೊನ್ನಿನ ಬಣ್ಣದ ಪುಟ್ಟ ನೆಲಗಪ್ಪೆಯೊಂದು ವಿಜ್ಞಾನಿಗಳ ಗಮನಕ್ಕೆ ಬಂತು. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಜೀವಿ ಅದು. ಕಾಡಿನ ಅಂಚನ್ನು ಕಡಿಯುವವರು ಹೆಚ್ಚುತ್ತಿದ್ದಾಗ, 1972ರಲ್ಲಿ ಜಾರ್ಜ್ ಮತ್ತು ಹ್ಯಾರಿಯೆಟ್ ಪವೆಲ್ ದಂಪತಿ ವಿಲ್ಫರ್ಡ್ ಗಿಂಡನ್ ಜೊತೆಗೂಡಿ ಮೋಡದ ಕಾಡಿನ ರಕ್ಷಿತಧಾಮಕ್ಕೆ ಅಡಿಪಾಯ ಹಾಕಿದರು. ಕ್ವೇಕರರು ತಮ್ಮ 554 ಹೆಕ್ಟೇರನ್ನು ನಾಮಮಾತ್ರದ ಗುತ್ತಿಗೆಗೆ ಇದರ ಉಸ್ತುವಾರಿಗೆ ಒಪ್ಪಿಸಿದರು. ಹಸಿರು ಬಾಲದ ಕೆಟ್ಸಾಲ್ ಹಕ್ಕಿಯನ್ನು ನೋಡಲು ಪ್ರವಾಸಿಗರು ಬರತೊಡಗಿದರು.

ಆದರೆ ಬೇಲಿ ಹಾಕಿದ ಮಾತ್ರಕ್ಕೆ ಎಲ್ಲವೂ ಉಳಿಯುವುದಿಲ್ಲ. 1987ರಲ್ಲಿ ಸಾವಿರಕ್ಕೂ ಹೆಚ್ಚು ಹೊನ್ನಗಪ್ಪೆಗಳು ಕಾಣಿಸಿದ್ದವು. 1989ರಲ್ಲಿ ಕಂಡದ್ದು ಒಂದೇ ಒಂದು. ಆಮೇಲೆ ಯಾರೂ ನೋಡಿಲ್ಲ. 2004ರಲ್ಲಿ ಅದನ್ನು ನಿರ್ನಾಮವಾದ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಒಣಹವೆ ಮತ್ತು ಕಪ್ಪೆಗಳ ಚರ್ಮಕ್ಕೆ ತಗಲುವ ಶಿಲೀಂಧ್ರ ರೋಗ ಇದಕ್ಕೆ ಕಾರಣವಿರಬಹುದೆಂದು ವಿಜ್ಞಾನಿಗಳು ಹೇಳುತ್ತಾರೆ. ಭೂಮಿ ಬಿಸಿಯಾದಂತೆ ಮೋಡಗಳು ಬೆಟ್ಟದಲ್ಲಿ ಮೇಲಕ್ಕೆ ಸರಿಯುತ್ತಿರಬಹುದೆಂಬ ಅಧ್ಯಯನವೂ 1999ರಲ್ಲಿ ಪ್ರಕಟವಾಯಿತು.

ಕಪ್ಪೆ ಕೊನೆಯ ಬಾರಿಗೆ ಗುಂಪಾಗಿ ಕಂಡ ಅದೇ 1987ರಲ್ಲಿ ಸ್ವೀಡನ್ನಿನ ಹಳ್ಳಿಶಾಲೆಯೊಂದರಲ್ಲಿ ಇನ್ನೊಂದು ಕಥೆ ಶುರುವಾಯಿತು. ಶಿಕ್ಷಕಿ ಏಹಾ ಕೆರ್ನ್ ಅವರ ತರಗತಿಯ ಪುಟಾಣಿಗಳು ಮಳೆಕಾಡು ಕಡಿಯುತ್ತಿರುವ ಸುದ್ದಿ ಕೇಳಿ, ‘ಆ ಕಾಡನ್ನು ನಾವೇ ಕೊಂಡುಬಿಟ್ಟರೆ?’ ಎಂದು ಯೋಚಿಸಿದರು. ದುಡ್ಡು ಕೂಡಿಸಿ ಮಾಂಟೆವೆರ್ಡೆಗೆ ಕಳುಹಿಸಿದರು. ಸುದ್ದಿ ಹಬ್ಬಿ 44 ದೇಶಗಳ ಮಕ್ಕಳು ಕೈಜೋಡಿಸಿದರು. ‘ಮಕ್ಕಳ ಶಾಶ್ವತ ಮಳೆಕಾಡು’ ಎಂಬ ಹೆಸರಿನ ಆ ಅರಣ್ಯ ಇಂದು 22,000 ಹೆಕ್ಟೇರಿಗೂ ಹೆಚ್ಚು. ಕೋಸ್ಟರಿಕದ ಖಾಸಗಿ ರಕ್ಷಿತಾರಣ್ಯಗಳಲ್ಲಿ ಅದೇ ಅತಿ ದೊಡ್ಡದು. ಒಮ್ಮೆಯೂ ಅಲ್ಲಿಗೆ ಹೋಗದ ಸಾವಿರಾರು ಮಕ್ಕಳು ಆ ಊರಿನಲ್ಲಿ ಜಾಗ ಕೊಂಡದ್ದು ಹೀಗೆ.

ಇಂದು ಮನೆ ಕೊಳ್ಳುವವರಿಗೆ

ಇಂದು ಕೋಸ್ಟರಿಕದಲ್ಲಿ ಮನೆ ಕೊಳ್ಳಲು ವಿದೇಶಿಯರಿಗೆ ಅಡ್ಡಿಯಿಲ್ಲ. ಬೆಟ್ಟ ಮತ್ತು ಬಯಲಿನ ಜಮೀನಿನ ಮೇಲೆ ಅವರಿಗೆ ಹೆಚ್ಚುಕಡಿಮೆ ಅಲ್ಲಿನ ಪ್ರಜೆಗಳಷ್ಟೇ ಹಕ್ಕಿದೆ. ವಕೀಲರೂ ಆಗಿರುವ ನೋಟರಿಗಳು ಕ್ರಯಪತ್ರ ಬರೆಯುತ್ತಾರೆ. ಪ್ರತಿ ನಿವೇಶನಕ್ಕೂ ರಾಷ್ಟ್ರೀಯ ನೋಂದಣಿ ಕಚೇರಿಯಲ್ಲಿ ಒಂದು ಸಂಖ್ಯೆಯಿದೆ. ಅದನ್ನು ಹಿಡಿದು ಹುಡುಕಿದರೆ ಒಡೆಯರು ಯಾರು, ಸಾಲದ ಭಾರವಿದೆಯೇ ಎಂಬುದು ತಿಳಿಯುತ್ತದೆ. ವಾರ್ಷಿಕ ಆಸ್ತಿ ತೆರಿಗೆ ಬೆಲೆಯ ನೂರಕ್ಕೆ ಕಾಲು ಭಾಗ ಮಾತ್ರ. ನಿವೃತ್ತರು ತಿಂಗಳಿಗೆ ಕನಿಷ್ಠ 1,000 ಡಾಲರ್ ಪಿಂಚಣಿ ತೋರಿಸಿ ವಾಸದ ಪರವಾನಗಿ ಕೇಳಬಹುದು.

ಕಡಲತೀರದ ಮಾತೇ ಬೇರೆ. 1977ರ ಕಾನೂನಿನ ಪ್ರಕಾರ ಭರತದ ಗೆರೆಯಿಂದ ಮೊದಲ 50 ಮೀಟರ್ ಸಾರ್ವಜನಿಕರದು. ಮುಂದಿನ 150 ಮೀಟರ್ ಸಾಮಾನ್ಯವಾಗಿ ಗುತ್ತಿಗೆಗೆ ಸಿಗುತ್ತದೆಯೇ ಹೊರತು ಕ್ರಯಕ್ಕಲ್ಲ. ದೇಶದಲ್ಲಿ ಐದು ವರ್ಷ ವಾಸವಿರದ ವಿದೇಶಿಯರಿಗೆ ಆ ಗುತ್ತಿಗೆಯೂ ಇಲ್ಲ. ಕಾಡಿರುವ ಜಮೀನು ಕೊಂಡರೂ ಮನಬಂದಂತೆ ಮರ ಕಡಿಯುವಂತಿಲ್ಲ. 1996ರ ಅರಣ್ಯ ಕಾನೂನು ಅದನ್ನು ತಡೆಯುತ್ತದೆ. ಕಾಡು ಉಳಿಸಿಕೊಂಡವರಿಗೆ ಸರ್ಕಾರವೇ ಹಣ ಕೊಡುವ ಯೋಜನೆಯೂ ಇದೆ. 1980ರ ದಶಕದಲ್ಲಿ ದೇಶದ ಕಾಲು ಭಾಗಕ್ಕೆ ಇಳಿದಿದ್ದ ಕಾಡು ಈಗ ಅರ್ಧಕ್ಕಿಂತ ಹೆಚ್ಚಾಗಿದೆ.

ವಿಳಾಸ ಹುಡುಕುವುದೇ ಹೊಸಬರಿಗೆ ಮೊದಲ ಪರೀಕ್ಷೆ. ಹಲವು ಕಡೆ ಮನೆ ಸಂಖ್ಯೆಯ ಬಳಕೆಯಿಲ್ಲ. ‘ಇಗರ್ಜಿಯಿಂದ ಉತ್ತರಕ್ಕೆ 200 ಮೀಟರ್’ ಎಂಬುದೇ ವಿಳಾಸ. ರಾಜಧಾನಿ ಸಾನ್ ಹೊಸೆಯ ಪಕ್ಕದ ಸಾನ್ ಪೆದ್ರೊದಲ್ಲಿ ಎಂದೋ ಇಲ್ಲವಾದ ಅತ್ತಿಜಾತಿಯ ಮರವೊಂದರ ಗುರುತು ಇಂದಿಗೂ ವಿಳಾಸಗಳಲ್ಲಿ ಬದುಕಿದೆ. ಮರ ಎಲ್ಲಿತ್ತೆಂದು ಬಲ್ಲವರೇ ಆ ಊರಿನವರು.

ಮಾಂಟೆವೆರ್ಡೆಯಲ್ಲಿ ಮನೆ ಮಾಡುವವರು ಮೇ ತಿಂಗಳಿನಿಂದ ನವೆಂಬರ್‌ವರೆಗೆ ಮಳೆಗೆ, ಡಿಸೆಂಬರ್ ನಂತರ ತಗಡಿನ ಸೂರು ಅಲುಗುವಂಥ ಗಾಳಿಗೆ, ಬಟ್ಟೆ ಪುಸ್ತಕಗಳಿಗೆ ಹಿಡಿಯುವ ಬೂಷ್ಟಿಗೆ ಸಿದ್ಧರಿರಬೇಕು. ರಜೆಯಲ್ಲಿ ಬಂದು ಮನೆ ಕೊಂಡವರಿಗೆ ಮಳೆಗಾಲದ ಊರು ಬೇರೆಯೇ ಆಗಿ ಕಾಣುತ್ತದೆ. ಒಂದು ವರ್ಷ ಬಾಡಿಗೆಗಿದ್ದು ನೋಡಿ ಎಂಬ ಬುದ್ಧಿಮಾತು ಅದಕ್ಕೇ ಹುಟ್ಟಿದೆ.

ಇನ್ನೂ ದೊಡ್ಡ ಪ್ರಶ್ನೆ ಸ್ಥಳೀಯರದು. ಪ್ರವಾಸ ಬೆಳೆದಂತೆ ಜಮೀನಿನ ಬೆಲೆ ಏರಿದೆ. ಇಲ್ಲೇ ಹುಟ್ಟಿದ ರೈತರ ಮಕ್ಕಳಿಗೆ ಇಲ್ಲೇ ನಿವೇಶನ ಕೊಳ್ಳುವುದು ಕಷ್ಟವಾಗಿದೆ. 2020ರ ಕೊರೊನಾ ಕಾಲದಲ್ಲಿ ಪ್ರವಾಸಿಗರು ನಿಂತಾಗ, ಒಂದೇ ಕಸುಬನ್ನು ನಂಬಿದ ಊರು ಎಷ್ಟು ಅಳ್ಳಕವೆಂಬುದು ಎಲ್ಲರಿಗೂ ಕಂಡಿತು. ಹೊರಗಿನ ಹಣ ಊರನ್ನು ಬೆಳೆಸುತ್ತದೆ, ಊರಿನವರನ್ನು ಹೊರಕ್ಕೂ ತಳ್ಳುತ್ತದೆ. ಕ್ವೇಕರರೂ ಹೊರಗಿನಿಂದ ಹಣ ತಂದೇ ಜಮೀನು ಕೊಂಡವರು. ಆದರೆ ಅವರು ಭಾಷೆ ಕಲಿತರು, ನೆರೆಯವರ ಹಾಲು ಕೊಂಡರು, ಅವರೊಡನೆ ಮದುವೆ ಸಂಬಂಧ ಬೆಳೆಸಿದರು, ನೆತ್ತಿಯ ಕಾಡನ್ನು ಮುಟ್ಟಲಿಲ್ಲ.

ಇಂದು ಕೋಸ್ಟರಿಕದ ಹಳ್ಳಿಗಳಲ್ಲಿ ಮನೆ ಕಟ್ಟುವ ಪರವಾನಗಿಗೆ ಮೊದಲು ನೀರಿನ ಪತ್ರ ಬೇಕು. ಊರಿನ ನೀರನ್ನು ನೋಡಿಕೊಳ್ಳುವ ‘ಅಸಾದಾ’ ಎಂಬ ಸ್ಥಳೀಯ ಸಂಘ, ಈ ನಿವೇಶನಕ್ಕೆ ಕೊಡುವಷ್ಟು ನೀರು ನಮ್ಮಲ್ಲಿದೆ ಎಂದು ಬರೆದುಕೊಡಬೇಕು. ಪತ್ರ ಸಿಗದಿದ್ದರೆ ಕ್ರಯಪತ್ರ ಎಷ್ಟೇ ಸರಿಯಿದ್ದರೂ ಮನೆ ಏಳುವುದಿಲ್ಲ. ಅಲ್ಲಿಗೆ ಹೊರಡುವ ಯಾವ ಕುಟುಂಬವಾದರೂ ಬಣ್ಣದ ಚಿತ್ರ ನೋಡಿ ಮುಂಗಡ ಕೊಡುವ ಮೊದಲು ಈ ಪತ್ರವನ್ನು ಕೇಳುವುದು ಕ್ಷೇಮ. 1951ರಲ್ಲಿ ಬೆಟ್ಟ ಹತ್ತಿದವರು, ಯಾವ ಕಾನೂನೂ ಕೇಳದಿದ್ದಾಗ, ತಮ್ಮನ್ನು ತಾವೇ ಕೇಳಿಕೊಂಡದ್ದೂ ಇದೇ ಪ್ರಶ್ನೆಯನ್ನು.