ಬಲಕ್ಕೆ ವಾಲಿದ ಮೆಂತೆ



ಕೆಲವು ದಿನಗಳ ಹಿಂದೆ ಮಗಳ ಮನೆಗೆ ಬಂದಿದ್ದ ಹಿರಿಯರೊಬ್ಬರು ಪಡಸಾಲೆಯ ಗೋಡೆಯ ಮೇಲಿನ ಕಸೂತಿಯನ್ನು ನೋಡಿ, "ಇದನ್ನ ಮಾಡ್ಲಿಕ್ಕೆ ಎಷ್ಟು ದಿನ ಹಿಡೀತ್ರೀ ಅಕ್ಕಾರ?" ಎಂದು ಕೇಳಿದರು. "ಏಳು ವರ್ಷ" ಎಂದೆ. ಅವರು ನಕ್ಕುಬಿಟ್ಟರು. ನಾನು ಹಾಸ್ಯ ಮಾಡುತ್ತಿದ್ದೇನೆಂದು ಭಾವಿಸಿರಬೇಕು. ಆ ಏಳು ವರ್ಷಗಳ ಲೆಕ್ಕವನ್ನು ಇಂದು ನಿಮ್ಮೆದುರು ಒಪ್ಪಿಸಬೇಕೆಂದಿದ್ದೇನೆ. ಅದರಲ್ಲಿ ನಾನು ತೀರಿಸಬೇಕಾದ ಒಂದು ಹಳೆಯ ಬಾಕಿಯೂ ಇದೆ.

ನನ್ನ ಅವ್ವ ಇಳಕಲ್ ಸೀರೆಯ ಮೇಲೆ ಕಸೂತಿ ಹಾಕುತ್ತಿದ್ದಳು. ಗೋಪುರ, ತೇರು, ತುಳಸಿ ವೃಂದಾವನ, ಅಂಬಾರಿ ಹೊತ್ತ ಆನೆ ಇವೆಲ್ಲ ಅವಳ ತಲೆಯಲ್ಲಿಯೇ ಇದ್ದವು. ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವ ಪದ್ಧತಿ ಇರಲಿಲ್ಲ. ನೆಯ್ಗೆಯ ಎಳೆಗಳನ್ನು ಕಣ್ಣಿನಿಂದಲೇ ಎಣಿಸಿ ಸೂಜಿ ಚುಚ್ಚಬೇಕು. ನಮ್ಮ ಧಾರವಾಡ ಸೀಮೆಯ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆಗಳಿರುವುದು ನಿಮಗೆ ಗೊತ್ತೇ ಇದೆ. ಗವಂತಿ ಮತ್ತು ಮುರ್ಗಿ ಹೊಲಿಗೆಗಳು ಬಟ್ಟೆಯ ಎರಡೂ ಬದಿಗೆ ಒಂದೇ ರೀತಿ ಕಾಣುತ್ತವೆ. ಮೆಂತೆಯೆಂದರೆ ಒಂದರ ಮೇಲೊಂದು ಅಡ್ಡ ಬಿದ್ದ ಎರಡು ಕಾಲುಗಳ ಹೊಲಿಗೆ. ಪೇಟೆಯಲ್ಲಿ ಕ್ರಾಸ್ ಸ್ಟಿಚ್ ಎನ್ನುವುದು ಇದನ್ನೇ. ಉಳಿದ ಮೂರಕ್ಕಿಂತ ಇದಕ್ಕೆ ದಾರ ಹೆಚ್ಚು ಬೇಕು. ಬಟ್ಟೆಗೆ ತೂಕವೂ ಹೆಚ್ಚು. ಆದರೂ ಕಲಿಯುವವರಿಗೆ ಸುಲಭವೆಂದು ನಾನು ಶಾಲೆಯಲ್ಲಿ ಮ್ಯಾಟಿ ಬಟ್ಟೆಯ ಮೇಲೆ ಮೊದಲು ಕಲಿಸುತ್ತಿದ್ದುದು ಮೆಂತೆಯನ್ನೇ.

ನಾನು ಗಣಿತದ ಶಿಕ್ಷಕಿ. ಹೊಲಿಗೆಯ ಪೀರಿಯಡ್ಡು ನನ್ನ ಪಾಲಿಗೆ ಬಂದದ್ದು ತೆಗೆದುಕೊಳ್ಳುವವರು ಬೇರೆ ಯಾರೂ ಇರದ ಕಾರಣದಿಂದ. ಗಣಿತದ ಶಿಸ್ತನ್ನೇ ಅಲ್ಲಿಗೂ ತಂದೆ. ದಾರವನ್ನು ಬೆರಳ ತುದಿಯಿಂದ ಮೊಳಕೈವರೆಗೆ ಮಾತ್ರ ಕತ್ತರಿಸಬೇಕು, ಉದ್ದವಾದರೆ ಜಡೆಗಟ್ಟುತ್ತದೆ. ಗಂಟು ಹಾಕಕೂಡದು, ದಾರದ ತುದಿಯನ್ನು ಮೊದಲ ನಾಲ್ಕು ಹೊಲಿಗೆಗಳ ಕೆಳಗೆ ಅಡಗಿಸಬೇಕು. ಮೆಂತೆಯ ಮೊದಲ ಕಾಲು ಎಡಗಡೆಯ ಕೆಳಮೂಲೆಯಿಂದ ಬಲಗಡೆಯ ಮೇಲ್ಮೂಲೆಗೆ. ಅದರ ಮೇಲೆ ಬರುವ ಕಾಲು ಬಲಗಡೆಯ ಕೆಳಮೂಲೆಯಿಂದ ಎಡಗಡೆಯ ಮೇಲ್ಮೂಲೆಗೆ. ಎಲ್ಲ ಮೆಂತೆಗಳ ಮೇಲಿನ ಕಾಲೂ ಒಂದೇ ಕಡೆಗೆ ವಾಲಿರಬೇಕು. ತಪ್ಪಿದರೆ ನನ್ನ ಬಾಯಿಂದ ಬರುತ್ತಿದ್ದುದು ಒಂದೇ ಮಾತು: "ಬಿಚ್ಚು." ನೀವು ನನಗೆ 'ಬಿಚ್ಚು ಅಕ್ಕಾರು' ಎಂದು ಹೆಸರಿಟ್ಟಿದ್ದು ನಿವೃತ್ತಿಯ ದಿನದವರೆಗೂ ನನಗೆ ತಿಳಿಯದು ಎಂದುಕೊಂಡಿದ್ದಿರಿ. ಎರಡನೆಯ ವರ್ಷದಲ್ಲಿಯೇ ತಿಳಿದಿತ್ತು!

ಇರಲಿ, ಏಳು ವರ್ಷದ ಲೆಕ್ಕಕ್ಕೆ ಬರುತ್ತೇನೆ. 2018ರ ಜನವರಿಯಲ್ಲಿ ಮಗಳ ಹೊಸ ಮನೆಯ ಗೃಹಪ್ರವೇಶಕ್ಕೆಂದು ಒಂದು ವೃಂದಾವನ, ಅದರ ಎರಡೂ ಬದಿಗೆ ಒಂದೊಂದು ನವಿಲು ಬರುವ ಚಿತ್ರವನ್ನು ಗ್ರಾಫ್ ಹಾಳೆಯ ಮೇಲೆ ಬರೆದುಕೊಂಡೆ. ಇಂಚಿಗೆ 14 ಮನೆಗಳಿರುವ ಬಟ್ಟೆ. ಅಗಲಕ್ಕೆ 140 ಮನೆ, ಎತ್ತರಕ್ಕೆ 98. ಅಂದರೆ 10 ಇಂಚು ಅಗಲ, 7 ಇಂಚು ಎತ್ತರ. ಎಣಿಸಿದರೆ ಒಟ್ಟು 6,240 ಮೆಂತೆಗಳು. ತಾಸಿಗೆ ನೂರರಂತೆ ಹಾಕಿದರೆ 62 ತಾಸು ಚಿಲ್ಲರೆ. ದಿನಕ್ಕೊಂದು ತಾಸು ಕುಳಿತರೆ ಎರಡು ತಿಂಗಳ ಕೆಲಸ. ಗೃಹಪ್ರವೇಶ ಮೇ ತಿಂಗಳಲ್ಲಿತ್ತು. ಲೆಕ್ಕ ಸರಿಯಾಗಿತ್ತು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಬಳಿ ಸಾಬೂನಿನ ನೀರಿಗೆ ಕಾಲು ಜಾರಿತು. ಬೀಳುವಾಗ ಯಾರಾದರೂ ಮಾಡುವಂತೆ ಕೈ ಊರಿದೆ. ಬಲಗೈಯ ಮಣಿಕಟ್ಟಿನ ಬಳಿ, ಹೆಬ್ಬೆರಳಿನ ಕಡೆಯ ಎಲುಬು ಮುರಿಯಿತು. ವಯಸ್ಸಾದ ಹೆಂಗಸರಲ್ಲಿ ಎಲುಬು ಸವೆದಿರುವುದರಿಂದ ಹೀಗೆ ಮುರಿಯುವುದು ಬಹಳ ಸಾಮಾನ್ಯವೆಂದು ವೈದ್ಯರು ಸಮಾಧಾನ ಹೇಳಿದರು. ಆರು ವಾರ ಪ್ಲಾಸ್ಟರು. ಜಡೆ ಹಾಕಿಕೊಳ್ಳಲು, ರೊಟ್ಟಿ ಮುರಿದುಕೊಳ್ಳಲು, ಸೀರೆಯ ನಿರಿಗೆ ಹಿಡಿಯಲು ಮತ್ತೊಬ್ಬರನ್ನು ಕರೆಯಬೇಕಾಯಿತು. ಮೂವತ್ತಾರು ವರ್ಷ ಕಪ್ಪು ಹಲಗೆಯ ಮೇಲೆ ಸುಣ್ಣದ ಕಡ್ಡಿ ಹಿಡಿದ ಕೈ ಅದು. ನಾಲ್ಕನೆಯ ವಾರಕ್ಕೆ ನನ್ನ ತಾಳ್ಮೆ ಮುಗಿಯಿತು. ಬಟ್ಟೆಯನ್ನು ರಿಂಗಿಗೆ ಸಿಕ್ಕಿಸಿ, ರಿಂಗನ್ನು ಮೇಜಿನ ಅಂಚಿನಲ್ಲಿಟ್ಟು, ಅದರ ಒಂದು ಬದಿಗೆ ದಪ್ಪನೆಯ ನಿಘಂಟೊಂದನ್ನು ಹೇರಿ, ಎಡಗೈಯಲ್ಲಿ ಸೂಜಿ ಹಿಡಿದೆ.

ಮೊದಲ ದಿನ ಇಡೀ ಮಧ್ಯಾಹ್ನಕ್ಕೆ 23 ಮೆಂತೆ. ಸೂಜಿ ಚುಚ್ಚಬೇಕಾದ ಮನೆ ಬಿಟ್ಟು ಪಕ್ಕದ ಮನೆಗೆ ಹೋಗುತ್ತಿತ್ತು. ಬೆರಳಿಗೆ ಚುಚ್ಚಿಕೊಂಡದ್ದನ್ನು ಎಣಿಸಲಿಲ್ಲ. ಪ್ಲಾಸ್ಟರು ಬಿಚ್ಚುವಷ್ಟರಲ್ಲಿ ವೃಂದಾವನದ ಕೆಳಗಿನ ಎರಡು ಮೆಟ್ಟಿಲು, ಅಂದರೆ 212 ಮೆಂತೆಗಳು, ಎಡಗೈಯಿಂದಲೇ ಆದವು. ಗೃಹಪ್ರವೇಶಕ್ಕೆ ಚಿತ್ರ ಮುಗಿಯಲಿಲ್ಲ; ಒಂದು ಸ್ಟೀಲಿನ ಡಬ್ಬಿ ಕೊಟ್ಟೆ. ಆನಂತರ ಬಲಗೈಯ ಬೆರಳುಗಳು ಬಗ್ಗದೆ ತಿಂಗಳುಗಟ್ಟಲೆ ಸತಾಯಿಸಿದವು. ವ್ಯಾಯಾಮ ಕಲಿಸುವ ಹುಡುಗಿ ಹೆಬ್ಬೆರಳು ತೋರುಬೆರಳುಗಳಿಂದ ಚಿಕ್ಕ ವಸ್ತುಗಳನ್ನು ಹಿಡಿದು ಬಿಡುವ ಅಭ್ಯಾಸ ಮಾಡಬೇಕೆಂದಾಗ, ಸೂಜಿ ಹಿಡಿದರೆ ಆದೀತೇ ಎಂದು ಕೇಳಿದೆ. "ಅದಕ್ಕಿಂತ ಛಲೋದು ಯಾವುದೈತ್ರಿ" ಎಂದಳು. ದಿನಕ್ಕೆ ಐದು ಮೆಂತೆಯಿಂದ ಆರಂಭಿಸಿ, ಹತ್ತು, ಇಪ್ಪತ್ತು ಎಂದು ಏರಿಸುತ್ತ ಹೋದೆ. ಕುಕ್ಕರಿನ ಎರಡು ಸೀಟಿಗಳ ನಡುವೆ ಹಾಕಿದ ಮೆಂತೆಗಳೂ ಅದರಲ್ಲಿವೆ. ಹನಿಗೂಡಿದರೆ ಹಳ್ಳ ಎನ್ನುವುದನ್ನು ನಿಮಗೆ ಪಾಠ ಮಾಡಿದವಳು ನಾನು ಕಲಿತದ್ದು ಆಗ.

2019ರಲ್ಲಿ ಒಂದು ಸಂಜೆ ದೀಪದ ಬೆಳಕಿಗೆ ಬಟ್ಟೆಯನ್ನು ಹಿಡಿದು ನೋಡುತ್ತಿದ್ದಾಗ, ಕೆಳಗಿನ ಎರಡು ಮೆಟ್ಟಿಲುಗಳು ಬೇರೆಯೇ ಆಗಿ ಹೊಳೆಯುತ್ತಿರುವುದು ಕಂಡಿತು. ದಾರ ಅದೇ, ಬಣ್ಣ ಅದೇ. ಕನ್ನಡಕ ಏರಿಸಿ ನೋಡಿದರೆ, ಎಡಗೈಯಿಂದ ಹಾಕಿದ ಮೆಂತೆಗಳ ಮೇಲಿನ ಕಾಲು ಬಲಕ್ಕೆ ವಾಲಿದೆ. ಎಡಗೈಗೆ ಸಲೀಸಾದದ್ದು ಬಲಗೈಗೆ ಸಲೀಸಾದದ್ದರ ಕನ್ನಡಿಯ ಪ್ರತಿಬಿಂಬ. ನನಗೆ ತಿಳಿಯದಂತೆಯೇ ಕೈ ಹಾಗೆ ನಡೆದಿತ್ತು. ಕಾಲು ವಾಲಿದ ದಿಕ್ಕು ಬದಲಾದರೆ ದಾರದ ಮೇಲೆ ಬೆಳಕು ಬೀಳುವ ರೀತಿಯೂ ಬದಲಾಗುತ್ತದೆ. ಎಡಗೈಯ 212 ಮೆಂತೆಗಳೆಲ್ಲವೂ ಬಲಕ್ಕೆ ವಾಲಿದ್ದವು, ಒಂದೂ ತಪ್ಪಿರಲಿಲ್ಲ. ಬಿಚ್ಚೋಣವೆಂದು ಕತ್ತರಿ ತೆಗೆದುಕೊಂಡೆ. ತುದಿಯನ್ನು ಮೊದಲ ಹೊಲಿಗೆಯ ಕೆಳಗೆ ತೂರಿಸಿಯೂ ಆಗಿತ್ತು. ಆಗ ನೆನಪಾದಳು ನೀನು.

1981ನೇ ಇಸವಿ, ಒಂಬತ್ತನೆಯ ತರಗತಿ, ಕಿಟಕಿಯ ಪಕ್ಕದ ಸಾಲು. ನಿನ್ನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಓದಿದರೆ ನಿನಗೇ ತಿಳಿಯುತ್ತದೆ. ನಿನಗೆ ಎಡಗೈಯ ರೂಢಿ. ಬರೆಯುವುದನ್ನು ಮನೆಯವರು ಹೊಡೆದು ಬಡಿದು ಬಲಗೈಗೆ ತಂದಿದ್ದರು. ಸೂಜಿ ಮಾತ್ರ ಎಡಗೈಯಲ್ಲಿಯೇ ಇತ್ತು. ಮ್ಯಾಟಿ ಬಟ್ಟೆಯ ಮೇಲೆ ಒಂದು ಹಂಸ ಹಾಕಿದ್ದೆ. ನಾನು ನೋಡಿ "ಬಿಚ್ಚು" ಎಂದೆ. ಮಾರನೆಯ ವಾರ ಮತ್ತೆ ಹಾಕಿ ತಂದೆ, ಮತ್ತೆ ಬಿಚ್ಚಿಸಿದೆ. ಮೂರನೆಯ ಸಲ ನೀನು ಮೆಲ್ಲಗೆ ಕೇಳಿದೆ: "ಅಕ್ಕಾರ, ಎಲ್ಲಾ ಒಂದ ಕಡೆನ ವಾಲ್ಯಾವಲ್ರೀ?"

"ಎದುರುತ್ತರ ಬ್ಯಾಡ. ಬಿಚ್ಚು" ಎಂದೆ. ಇಪ್ಪತ್ತಕ್ಕೆ ಎಂಟು ಅಂಕ ಕೊಟ್ಟೆ. ಆಮೇಲೆ ನೀನು ಹೊಲಿಗೆಯ ಪೀರಿಯಡ್ಡಿಗೆ ಬಟ್ಟೆಯನ್ನೇ ತರಲಿಲ್ಲ. ಗೆಳತಿಯರ ಜಡೆಗಟ್ಟಿದ ದಾರದ ಲಡಿಗಳನ್ನು ಬಿಡಿಸಿಕೊಡುತ್ತ ಕುಳಿತಿರುತ್ತಿದ್ದೆ. ನಾನು ಅದನ್ನು ಹಟಮಾರಿತನವೆಂದು ತಿಳಿದೆ.

ನಿಯಮ ಏನಿತ್ತು? ಎಲ್ಲವೂ ಒಂದೇ ಕಡೆಗೆ ವಾಲಿರಬೇಕು ಎಂದು. ಎಡಕ್ಕೇ ವಾಲಬೇಕೆಂದು ನಿಯಮದಲ್ಲಿರಲಿಲ್ಲ. ಅದು ನನ್ನ ಕೈಯ ಅನುಕೂಲ. ನಿನ್ನ ಹಂಸದ ಮೆಂತೆಗಳೆಲ್ಲ ಬಲಕ್ಕೆ ವಾಲಿದ್ದವು, ಎಲ್ಲವೂ. ಗಣಿತದ ಶಿಕ್ಷಕಿಯಾದ ನನಗೆ ಇಷ್ಟು ಸರಳವಾದ ಸಮಮಿತಿ ಕಾಣಿಸದೆ ಹೋಯಿತು. ನೀನು ಬಾಯಿಬಿಟ್ಟು ಹೇಳಿದರೂ ಕೇಳಿಸಲಿಲ್ಲ. ಅದು ಅರ್ಥವಾಗಲು ನನ್ನ ಬಲಗೈ ಮುರಿಯಬೇಕಾಯಿತು. ಕತ್ತರಿಯನ್ನು ಡಬ್ಬಿಗೆ ಹಾಕಿದೆ. ಆ ಎರಡು ಮೆಟ್ಟಿಲುಗಳು ಹಾಗೆಯೇ ಇವೆ.

ಒಮ್ಮೆ ಕಲಿತ ಪಾಠ ಮರೆಯುವುದಿಲ್ಲ ಎನ್ನುತ್ತಾರೆ. ನನ್ನ ವಿಷಯದಲ್ಲಿ ಅದು ಸುಳ್ಳಾಯಿತು. 2020ರ ಲಾಕ್‌ಡೌನಿನಲ್ಲಿ ಅಂಗಡಿಗಳು ಮುಚ್ಚಿ ಹಸಿರು ದಾರ ಸಿಗದೆ ಕೆಲಸ ನಿಂತಿತ್ತು. 2021ರಲ್ಲಿ ಎರಡನೆಯ ನವಿಲನ್ನು ಕೈಗೆತ್ತಿಕೊಂಡೆ. ಮೊಮ್ಮಗಳು ಪಕ್ಕದಲ್ಲಿ ಕುಳಿತು, "ಆಯಿ, ಈ ನವಿಲಿನ ಕುತ್ತಿಗಿ ಯಾಕ ಕರಿ ಐತಿ?" ಎಂದಳು. "ಕರಿ ಅಲ್ಲವ್ವ, ಕಡುನೀಲಿ. ಕಣ್ಣು ಬಿಟ್ಟು ನೋಡು" ಎಂದು ಗದರಿದೆ. ಮಗು ಸುಮ್ಮನಾಯಿತು.

ಕಣ್ಣು ಬಿಟ್ಟು ನೋಡಬೇಕಾದವಳು ನಾನಾಗಿದ್ದೆ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ವಯಸ್ಸಾದಂತೆ ಕಣ್ಣಿನೊಳಗಿನ ಮಸೂರ ಹಳದಿಗಟ್ಟುತ್ತದೆ. ನೀಲಿ ಬೆಳಕನ್ನು ತಡೆಯುತ್ತದೆ. ಕಡುನೀಲಿಗೂ ಕಪ್ಪಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಬದಲಾವಣೆ ಬಹಳ ನಿಧಾನವಾಗಿ ಆಗುವುದರಿಂದ ನಮಗೆ ಗೊತ್ತೂ ಆಗುವುದಿಲ್ಲ. ಫ್ರಾನ್ಸಿನ ಚಿತ್ರಕಾರ ಮೋನೆಯೂ ಪೊರೆಯಿಂದ ಬಣ್ಣಗಳು ಕೆಟ್ಟು ಪರದಾಡಿ, 1923ರಲ್ಲಿ ಬಲಗಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದನಂತೆ. ನನ್ನ ಬಲಗಣ್ಣಿಗೆ 2022ರಲ್ಲಿ, ಎಡಗಣ್ಣಿಗೆ 2023ರಲ್ಲಿ ಪೊರೆ ತೆಗೆದು ಹೊಸ ಮಸೂರ ಕೂರಿಸಿದರು. ಪಟ್ಟಿ ಬಿಚ್ಚಿದ ದಿನ ನಮ್ಮ ಮನೆಯ ಗೋಡೆ ಇಷ್ಟು ಬಿಳಿಯೇ ಎಂದು ಬೆರಗಾದೆ. ಕೆಲವು ವಾರಗಳ ನಂತರ ಬಟ್ಟೆ ತೆಗೆದು ನೋಡಿದರೆ, ಒಂದು ನವಿಲಿಗೆ ನೀಲಿ ಕುತ್ತಿಗೆ, ಇನ್ನೊಂದಕ್ಕೆ ಅಪ್ಪಟ ಕಪ್ಪು ಕುತ್ತಿಗೆ!

ಇದನ್ನು ಬಿಚ್ಚಿದೆ. ಬಿಚ್ಚಲೇಬೇಕಾದ ತಪ್ಪು ಅದು. ತಪ್ಪಾದದ್ದನ್ನು ಬಿಚ್ಚಬೇಕು, ಬೇರೆಯಾದದ್ದನ್ನಲ್ಲ. ಈ ವ್ಯತ್ಯಾಸವನ್ನು ತಿಳಿಯಲು ಎಪ್ಪತ್ತು ದಾಟಬೇಕಾಯಿತು. 84 ಮೆಂತೆಗಳನ್ನು ಬಿಚ್ಚಲು ನಾಲ್ಕು ದಿನ ಹಿಡಿಯಿತು. ನಾನು ಕತ್ತರಿಸಿದೆ, ಮೊಮ್ಮಗಳು ಚಿಮುಟದಿಂದ ಕರಿಯ ಎಳೆಗಳನ್ನು ಹೆಕ್ಕಿದಳು. "ನೀ ಹೇಳಿದ್ದ ಖರೆ ಇತ್ತವ್ವ, ನಂದ ತಪ್ಪು" ಎಂದೆ. ಅವಳು ದೊಡ್ಡದಾಗಿ, "ಇರಲಿ ಬಿಡ ಆಯಿ, ಬಿಚ್ಚಿದ್ರಾತು" ಎಂದಳು. ನನಗೆ ಅಷ್ಟು ಸುಲಭವಾಗಿ ಯಾರೂ ಕ್ಷಮಿಸಿರಲಿಲ್ಲ.

ಹೊಸ ಮಸೂರ ದೂರದ ನೋಟಕ್ಕೆ. ಹತ್ತಿರಕ್ಕೆ ಕನ್ನಡಕ ಬೇಕು. ಕನ್ನಡಕವಿದ್ದರೂ, ಮಣಿಕಟ್ಟಿನ ಬಿಗಿಯಿಂದಾಗಿ ಸೂಜಿಗೆ ದಾರ ಪೋಣಿಸುವುದು ನನ್ನಿಂದ ಇಂದಿಗೂ ಆಗದು. ನಮ್ಮ ಮನೆಯವರು ಪ್ರತಿದಿನ ಬೆಳಗಿನ ಚಹಾ ಮುಗಿಸಿ, ಹತ್ತು ಸೂಜಿಗಳಿಗೆ ಎರಡೆರಡು ಎಳೆ ಪೋಣಿಸಿ ದಿಂಬಿಗೆ ಸಾಲಾಗಿ ಚುಚ್ಚಿಡುತ್ತಾರೆ. ಜೀವಮಾನದಲ್ಲಿ ಒಂದು ಗುಂಡಿ ಹೊಲಿದುಕೊಂಡವರಲ್ಲ. ಹತ್ತೂ ಸೂಜಿ ಖಾಲಿಯಾದರೆ ಅಂದಿನ ಕೆಲಸ ಮುಗಿಯಿತು. ಹೀಗೆ 2024ರ ಡಿಸೆಂಬರಿನಲ್ಲಿ 6,240ನೆಯ ಮೆಂತೆ ಬಿತ್ತು.

ಈಗ ಬಾಕಿಯ ವಿಷಯ. ತಂಗೀ, ಈ ಬರಹ ನಿನ್ನ ಕಣ್ಣಿಗೆ ಬಿದ್ದರೆ, ಅಥವಾ ಇದನ್ನು ಓದಿದ ನಿನ್ನ ಗೆಳತಿಯರು ಯಾರಾದರೂ ನಿನಗೆ ಹೇಳಿದರೆ, ನಿನ್ನ ಅಕ್ಕಾರು ತಪ್ಪು ಒಪ್ಪಿಕೊಂಡಿದ್ದಾರೆಂದು ತಿಳಿ. ನಿನ್ನ ಹಂಸ ಸರಿಯಾಗಿತ್ತು. ಅಂದಿನ ಅಂಕಪಟ್ಟಿಯನ್ನು ತಿದ್ದಲು ನನ್ನಿಂದಾಗದು. ಬಿಚ್ಚಿಸಿದ ಹಂಸವನ್ನು ಮರಳಿ ಕೊಡಲೂ ಆಗದು. ಮೂರು ಸಲ ಬಿಚ್ಚಿದ ಮೇಲೂ ನೀನು ಕೇಳಿದ್ದು ಸರಿಯಾದ ಪ್ರಶ್ನೆ. ಉತ್ತರ ಕೊಡಲು ನಾನು ಬಹಳ ತಡಮಾಡಿದೆ.

ಈಗ ಒಂದು ತೇರು ಆರಂಭಿಸಿದ್ದೇನೆ, ಈ ಸಲ ಲೆಕ್ಕ ಹಾಕಿಲ್ಲ. ಊರಿಗೆ ಬಂದರೆ ಮನೆಗೆ ಬಾ, ಚಹಾ ಕುಡಿಯೋಣ. ಸೂಜಿಯನ್ನು ಯಾವ ಕೈಯಲ್ಲಿ ಬೇಕಾದರೂ ಹಿಡಿ.