ಓಲೆಯ ಮೇಲಿಲ್ಲದ ಸೊನ್ನೆ

ನಮ್ಮ ಶ್ರೀಮಠದ ಗ್ರಂಥಭಂಡಾರದಲ್ಲಿರುವ ತಾಡವೋಲೆಯ ಕಟ್ಟುಗಳ ಛಾಯಾಚಿತ್ರಗಳನ್ನು ತೆಗೆದು ಗಣಕಯಂತ್ರದಲ್ಲಿ ಸಂಗ್ರಹಿಸಿಡಬೇಕೆಂದು ಪೂಜ್ಯ ಶ್ರೀಗಳವರು ಅಪ್ಪಣೆ ಕೊಡಿಸಿದಾಗ, ಆ ಕಾರ್ಯದ ತೊಡಕುಗಳೆಲ್ಲ ಓಲೆಗಳ ಕಡೆಯಿಂದಲೇ ಬರುವವೆಂಬುದು ಎಲ್ಲರ ಭಾವನೆಯಾಗಿದ್ದಿತು. ಒಣಗಿ ಸಿಡಿಯುವ ಅಂಚುಗಳು, ಹುಳು ಕೊರೆದ ರಂಧ್ರಗಳು, ಹೊಗೆ ಹಿಡಿದು ಮಾಸಿದ ಸಾಲುಗಳು, ಇವುಗಳಿಗೆ ನಾವು ಸಿದ್ಧರಾಗಿದ್ದೆವು. ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಿ ಕೊಡಿಸಿದ ಕ್ಯಾಮೆರಾ ಒಳ್ಳೆಯದು; ಅದನ್ನು ನಡೆಸುವ ಹೊಣೆ, ಭೌತಶಾಸ್ತ್ರ ಕಲಿಸಿದವನೆಂಬ ಕಾರಣಕ್ಕೆ, ನನ್ನ ಪಾಲಿಗೆ ಬಂದಿತು. ಮೊದಲ ದಿನದ ಪರೀಕ್ಷಾ ಚಿತ್ರಗಳನ್ನು ಪರದೆಯ ಮೇಲೆ ಓದಲು ಕುಳಿತ ನಮ್ಮ ಹಿರಿಯ ಪಂಡಿತರು ಒಂದು ಕಡೆ ಬೆರಳಿಟ್ಟು ನಿಂತರು.

“ತಮ್ಮಾ, ಇಲ್ಲಿ ಈ ಸೊನ್ನೀ ಯಾರು ಬರದಾರ? ಓಲ್ಯಾಗ ಇಲ್ಲಲ್ಲ!”

ಓಲೆಯನ್ನು ತರಿಸಿ ನೋಡಿದೆವು. ಅಲ್ಲಿ ಸೊನ್ನೆ ಇರಲಿಲ್ಲ. ಮುಂದಿನ ಚಿತ್ರವನ್ನು ತೆರೆದರೆ ಅಲ್ಲಿಯೂ ಮೇಲಿನಿಂದ ಎರಡನೆಯ ಓಲೆಯಲ್ಲಿ, ಬಲತುದಿಗೆ ನಾಲ್ಕು ಬೆರಳು ಒಳಗೆ, ಅದೇ ಸೊನ್ನೆ. ಅದರ ಮುಂದಿನದರಲ್ಲಿಯೂ ಅದೇ. “ಬರದದ್ದಲ್ಲರಿ ಗುರುಗಳ, ಕ್ಯಾಮೆರಾದಾಗಿನ ಹೊಲಸರಿ ಅದು” ಎಂದೆ. ಅವರಿಗೆ ಸಮಾಧಾನವಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ.

ಒಂದು ಸೊನ್ನೆಗೆ ಇಷ್ಟು ಗಾಬರಿಯೇಕೆಂದು ಈ ಸಂಚಿಕೆಯ ಓದುಗರಲ್ಲಿ ಕೆಲವರಾದರೂ ಕೇಳಿಯಾರು. ಹಳೆಯ ಓಲೆಗಳಲ್ಲಿ ಪದ ಪದಗಳ ನಡುವೆ ತೆರಪು ಬಿಡುವ ಪದ್ಧತಿಯಿಲ್ಲ. ಲೇಖಕನು ಕಂಠದಿಂದ ಕೊರೆದು ಮಸಿ ತೀಡಿದ ಅಕ್ಷರಗಳು ಅಂಚಿನಿಂದ ಅಂಚಿಗೆ ಒಂದೇ ಸರಪಣಿಯಾಗಿ ಹರಿಯುತ್ತವೆ. ಅವುಗಳನ್ನು ಬಿಡಿಸಿ ಓದುವವನಿಗೆ ಆಧಾರವಾಗುವುದು ಇಂಥ ಕಿರುಚಿಹ್ನೆಗಳೇ. ‘ಕೊಡು’ ಎಂಬಲ್ಲಿ ಸೊನ್ನೆಯೊಂದು ಬಂದು ಕುಳಿತರೆ ಅದು ‘ಕೊಂಡು’ ಆಗುತ್ತದೆ, ಕೊಡುವವನು ಕೊಂಡವನಾಗುತ್ತಾನೆ. ದಾನಿಗಳು ಓದುವ ಸಂಚಿಕೆಯಲ್ಲಿ ಈ ಉದಾಹರಣೆ ಸಾಕೆಂದು ಭಾವಿಸುತ್ತೇನೆ. ಫ. ಗು. ಹಳಕಟ್ಟಿಯವರು ಮನೆ ಮನೆ ಅಲೆದು ಓಲೆಗಳನ್ನು ಕಲೆಹಾಕಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದಂದಿನಿಂದ, ಒಂದು ಪ್ರತಿಯೊಡನೆ ಇನ್ನೊಂದನ್ನು ಒರೆಗೆ ಹಚ್ಚಿ ಪಾಠ ನಿರ್ಣಯಿಸುವ ಪರಂಪರೆ ನಮ್ಮಲ್ಲಿ ಬೆಳೆದು ಬಂದಿದೆ. ಲಿಪಿಕಾರನ ಕೈತಪ್ಪನ್ನು ಸಂಪಾದಕನು ಊಹಿಸಬಲ್ಲ, ಏಕೆಂದರೆ ಅವನೂ ಮನುಷ್ಯನೇ. ಧೂಳಿನಿಂದ ಹುಟ್ಟಿದ ಪಾಠಾಂತರವನ್ನು ಅವನು ಯಾವ ತರ್ಕದಿಂದ ತಿದ್ದಬೇಕು? ಅಷ್ಟೇ ಅಲ್ಲ, ಕಟ್ಟನ್ನು ಬಿಚ್ಚಿದಾಗಲೆಲ್ಲ ಅಂಚಿನಿಂದ ಚೂರುಗಳು ಉದುರುತ್ತವೆ. ಒಮ್ಮೆ ಬಿಚ್ಚಿ, ಒಮ್ಮೆ ಚಿತ್ರ ತೆಗೆದು, ಮತ್ತೆ ಕಟ್ಟಿಡಬೇಕು. ಇನ್ನೊಮ್ಮೆ ತೆಗೆದರಾಯಿತು ಎನ್ನುವಂತಿಲ್ಲ.

ಹಿಂದಿನ ಫಿಲ್ಮ್ ಕ್ಯಾಮೆರಾಗಳಲ್ಲಿ ಈ ಪೀಡೆ ಇಷ್ಟು ಹಟದ್ದಾಗಿರಲಿಲ್ಲ. ಚಿತ್ರ ತೆಗೆದೊಡನೆ ಸುರುಳಿ ಮುಂದೆ ಸರಿದು ಹೊಸ ಮೈ ಬರುತ್ತಿತ್ತು; ಫಿಲ್ಮಿನ ಮೇಲೆ ಕುಳಿತ ಕಣ ಅದರೊಡನೆಯೇ ಹೊರಟುಹೋಗುತ್ತಿತ್ತು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಎಂಬವರು ಸಿಸಿಡಿ ಎಂಬ ಸಾಧನವನ್ನು ಕಲ್ಪಿಸಿದರು. ಬೆಳಕನ್ನು ವಿದ್ಯುತ್ತಾಗಿ ಹಿಡಿದಿಡುವ ಈ ಸಿಲಿಕಾನ್ ಫಲಕಕ್ಕಾಗಿ 2009ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೆ ಪಾಲು ಸಂದಿತು. ಇಂದಿನ ಕ್ಯಾಮೆರಾಗಳಲ್ಲಿ ಹೆಚ್ಚಾಗಿರುವುದು ಅದರ ಮುಂದಿನ ಪೀಳಿಗೆಯ, ಸಿಎಮ್‌ಒಎಸ್ ಎಂಬ ಬಗೆಯ ಸೆನ್ಸರ್. ಬಗೆ ಯಾವುದಾದರೂ ಫಲಕ ಒಂದೇ. ಮೊದಲ ಚಿತ್ರಕ್ಕೂ ಲಕ್ಷದ ಚಿತ್ರಕ್ಕೂ ಅದೇ ಮೈ ಒಡ್ಡಬೇಕು. ನಮ್ಮ ಕ್ಯಾಮೆರಾದಲ್ಲಿ ಅದರ ಅಳತೆ 36 ಮಿ.ಮೀ. ಉದ್ದ, 24 ಮಿ.ಮೀ. ಅಗಲ. ಅಷ್ಟರಲ್ಲಿ ಉದ್ದಕ್ಕೆ 6000, ಅಗಲಕ್ಕೆ 4000ದಂತೆ 2 ಕೋಟಿ 40 ಲಕ್ಷ ಬಿಂದುಗಳಿವೆ.

ಇಲ್ಲಿ ಒಂದು ಸಂಗತಿಯನ್ನು ತಿಳಿದುಕೊಳ್ಳದೆ ಮುಂದೆ ಹೋಗಲಾಗದು. ಧೂಳು ಕುಳಿತುಕೊಳ್ಳುವುದು ಸಿಲಿಕಾನಿನ ಮೇಲಲ್ಲ, ಅದರ ಮುಂದೆ ಹೊದಿಸಿದ ಶೋಧಕ ಗಾಜಿನ ಮೇಲೆ. ನಾವು ಕಾಣುವುದು ಆ ಕಣವನ್ನಲ್ಲ, ಅದರ ನೆರಳನ್ನು. ಗಾಜಿನ ಮೈಗೂ ಸಿಲಿಕಾನಿಗೂ ನಡುವೆ 2 ಮಿ.ಮೀ. ಅಂತರವಿದೆಯೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಲೆನ್ಸಿನ ಕಂಡಿಯನ್ನು ಎಫ್ 2.8ಕ್ಕೆ ಅಗಲವಾಗಿ ತೆರೆದಾಗ ಒಂದು ಬಿಂದುವಿಗೆ ಬರುವ ಬೆಳಕಿನ ಶಂಕು ಗಾಜಿನ ಮೇಲೆ ಸುಮಾರು 0.7 ಮಿ.ಮೀ. ಅಗಲವಾಗಿರುತ್ತದೆ. ಅದರೊಳಗೆ ಸಣ್ಣ ಕಣವೊಂದು ಅಡ್ಡ ಬಂದರೂ ಸುತ್ತಣ ಬೆಳಕು ಅದನ್ನು ನುಂಗಿಬಿಡುತ್ತದೆ. ಎಫ್ 11ಕ್ಕೆ ಕಿರಿದುಗೊಳಿಸಿದರೆ ಅದೇ ಶಂಕು 0.18 ಮಿ.ಮೀ.ಗೆ, ಎಫ್ 22ಕ್ಕೆ 0.09 ಮಿ.ಮೀ.ಗೆ ಇಳಿಯುತ್ತದೆ. ಆಗ ಕಣದ ನೆರಳು ಕಪ್ಪಾಗಿ, ಗಡಿಗೆರೆ ಸ್ಪಷ್ಟವಾಗಿ ಮೂಡುತ್ತದೆ. ಮದುವೆಯ ಮನೆಯಲ್ಲಿ ಕಂಡಿ ತೆರೆದು ಚಿತ್ರ ತೆಗೆಯುವ ಛಾಯಾಗ್ರಾಹಕರು ವರ್ಷಗಟ್ಟಲೆ ತಮ್ಮ ಸೆನ್ಸರಿನ ಧೂಳನ್ನು ಕಾಣದಿರುವುದಕ್ಕೆ ಇದೇ ಕಾರಣ. ಡೊಂಕಾದ ಓಲೆ ತುದಿಯಿಂದ ತುದಿಗೆ ಸ್ಫುಟವಾಗಬೇಕಾದರೆ ನಮಗೆ ಎಫ್ 11 ಅನಿವಾರ್ಯ. 40 ಸೆಂ.ಮೀ. ಉದ್ದದ ಓಲೆಯನ್ನು 6000 ಬಿಂದುಗಳಲ್ಲಿ ಹಿಡಿದರೆ ಮಿಲಿಮೀಟರಿಗೆ 15 ಬಿಂದುಗಳಾಗುತ್ತವೆ, 2 ಮಿ.ಮೀ. ಸೊನ್ನೆಯೊಂದು ಸೆನ್ಸರಿನ ಮೇಲೆ 0.18 ಮಿ.ಮೀ.ನಷ್ಟು ಜಾಗ ಹಿಡಿಯುತ್ತದೆ. ಕಲೆಯ ನೆರಳಿನ ಅಳತೆಯೂ ಹೆಚ್ಚುಕಡಿಮೆ ಅಷ್ಟೇ. ಪಂಡಿತರ ಕಣ್ಣು ಅದನ್ನು ಅಕ್ಷರವೆಂದು ಎಣಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಧೂಳಿನಲ್ಲಿಯೂ ಬಗೆಗಳುಂಟು. ಕ್ಯಾಮೆರಾದ ಲೆನ್ಸ್ ಬದಲಿಸುವಾಗ ಒಳಹೊಕ್ಕ ಒಣಧೂಳು ಗಾಳಿಗೆ ಹಾರುತ್ತದೆ. ನಮ್ಮಲ್ಲಿ ಇದರ ಜೊತೆಗೆ ಇನ್ನೊಂದು ವಿಶೇಷ: ಬಾಗಿ ಕೆಲಸ ಮಾಡುವವರ ಹಣೆಯ ವಿಭೂತಿಯಿಂದ ಉದುರುವ ಸೂಕ್ಷ್ಮ ಕಣ. ಪೂಜೆ ಮುಗಿಸಿ ನೇರವಾಗಿ ಬರುವ ಹುಡುಗರಿಗೆ ಕ್ಯಾಮೆರಾದ ಬಾಯಿ ತೆರೆದಿರುವಾಗ ಅದರ ಮೇಲೆ ಬಾಗಬೇಡಿರೆಂದು ಹೇಳಿದ್ದೇವೆ. ವಿಭೂತಿ ಹಚ್ಚಬೇಡಿರೆಂದು ಯಾರೂ ಹೇಳಿಲ್ಲ. ಹೂವಿನ ಪರಾಗ, ಒಣಗಿದ ನೀರಹನಿ, ಇವು ಗಾಜಿಗೆ ಅಂಟಿಕೊಳ್ಳುತ್ತವೆ. ಎಲ್ಲಕ್ಕಿಂತ ಹಟಮಾರಿಯೆಂದರೆ ಶಟರಿನ ಯಂತ್ರಭಾಗದಿಂದ ಸಿಡಿಯುವ ಎಣ್ಣೆಯ ತುಂತುರು. ಒಣಕಣ ತುಂಬಿದ ಕಪ್ಪು ಚುಕ್ಕೆಯಾಗಿ ಕಂಡರೆ, ಎಣ್ಣೆಯ ಹನಿ ತನ್ನ ಮೂಲಕ ಬೆಳಕನ್ನು ಬಿಡುವುದರಿಂದ ನಡುವೆ ತಿಳಿಯಾಗಿ, ಸುತ್ತಲೂ ಕಪ್ಪು ಬಳೆಯಾಗಿ ಕಾಣುತ್ತದೆ. ನಮ್ಮದು ಅಂಥ ಬಳೆ.

ಕಲೆ ಎಲ್ಲಿದೆಯೆಂದು ಗೊತ್ತುಮಾಡುವುದು ಸುಲಭ. ಕಂಡಿಯನ್ನು ಎಫ್ 22ಕ್ಕೆ ಇಳಿಸಿ, ಬಿಳಿಯ ಹಾಳೆಯನ್ನು ಸ್ಫುಟವಾಗದಂತೆ ಹತ್ತಿರ ಹಿಡಿದು, ಕ್ಯಾಮೆರಾವನ್ನು ತುಸು ಅಲುಗಿಸುತ್ತ ಚಿತ್ರ ತೆಗೆಯಬೇಕು. ಹಾಳೆಯ ಕಲೆಗಳೆಲ್ಲ ತೀಡಿಹೋಗಿ ಸೆನ್ಸರಿನವು ಮಾತ್ರ ನಿಲ್ಲುತ್ತವೆ. ಲೆನ್ಸು ಬಿಂಬವನ್ನು ತಲೆಕೆಳಗಾಗಿ ಬೀಳಿಸುವುದರಿಂದ ಚಿತ್ರದ ಮೇಲ್ಭಾಗದಲ್ಲಿ ಕಂಡದ್ದು ಸೆನ್ಸರಿನ ಕೆಳಭಾಗದಲ್ಲಿರುತ್ತದೆ. ಕ್ಯಾಮೆರಾದ ಬಾಯಿಯಿಂದ ಇಣುಕಿ ನೋಡಿದರೆ ಎಡಬಲಗಳು ಮಾತ್ರ ಚಿತ್ರದಲ್ಲಿದ್ದಂತೆಯೇ ಇರುತ್ತವೆ. ಇದು ಹತ್ತನೆಯ ತರಗತಿಯ ಪಾಠವೇ. ಆದರೂ ದೀಪ ಹಿಡಿದು ಇಣುಕುವಾಗ ಕೈ ತಾನಾಗಿ ಮೇಲಕ್ಕೇ ಹೋಗುತ್ತದೆ.

ಕೆಲಸಕ್ಕೆ ಹೊತ್ತು ಮುಂಜಾನೆಯದು ಒಳ್ಳೆಯದು. ಹಿಂದಿನ ಸಂಜೆಯೇ ಕೋಣೆಯ ನೆಲವನ್ನು ಒದ್ದೆಬಟ್ಟೆಯಿಂದ ಒರೆಸಿ, ಪಂಖಾ ನಿಲ್ಲಿಸಿ, ಬಾಗಿಲು ಹಾಕಿಡಬೇಕು. ಕ್ಯಾಮೆರಾದ ಬ್ಯಾಟರಿ ತುಂಬಿರಬೇಕು; ಒಳಗಿನ ಕನ್ನಡಿಯನ್ನು ಎತ್ತಿ ಹಿಡಿದಿರುವುದು ಅದರ ಶಕ್ತಿಯೇ, ನಡುವೆ ಅದು ಬತ್ತಿದರೆ ಶಟರು ಕಡ್ಡಿಯ ಮೇಲೆ ಮುಚ್ಚಿಕೊಂಡೀತು. ಮೊದಲು ಕ್ಯಾಮೆರಾದ ಬಾಯಿಯನ್ನು ಕೆಳಮುಖವಾಗಿ ಹಿಡಿದು ರಬ್ಬರಿನ ಬುಗ್ಗೆಯಿಂದ ಗಾಳಿ ಊದಬೇಕು. ಬಾಯಿಂದ ಊದಿದರೆ ಉಗುಳು ಸಿಡಿಯುತ್ತದೆ. ಡಬ್ಬಿಯಲ್ಲಿ ಒತ್ತಿ ತುಂಬಿದ ಗಾಳಿ ಕೆಲವೊಮ್ಮೆ ದ್ರವವಾಗಿಯೇ ಹೊರಚಿಮ್ಮಿ ಹೊಸ ಕಲೆ ಮಾಡುತ್ತದೆ. ಈ ಒಣಶುದ್ಧಿಯನ್ನು ಬಿಟ್ಟು ನೇರವಾಗಿ ಒರೆಸಲು ತೊಡಗುವುದು ಅಪಾಯ. ಮರಳಿನ ಸ್ಫಟಿಕಕಣ ಗಾಜಿಗಿಂತ ಗಟ್ಟಿ. ಒಂದು ಕಣ ಕಡ್ಡಿಯ ಕೆಳಗೆ ಸಿಕ್ಕರೂ ಉಜ್ಜಿದ ಉದ್ದಕ್ಕೂ ಗೀರು ಬೀಳುತ್ತದೆ. 2003ರಲ್ಲಿ ಒಲಿಂಪಸ್ ಸಂಸ್ಥೆಯ ಇ-1 ಎಂಬ ಕ್ಯಾಮೆರಾದೊಡನೆ ಗಾಜನ್ನು ಅತಿವೇಗವಾಗಿ ಕಂಪಿಸಿ ಧೂಳು ಕೊಡಹುವ ಉಪಾಯವೂ ಬಂದಿತು. ಈಗ ಅದು ಅನೇಕ ಕ್ಯಾಮೆರಾಗಳಲ್ಲಿದೆ. ಒಣಧೂಳಿಗೆ ಅದು ಸಾಕು, ಎಣ್ಣೆ ಅದಕ್ಕೆ ಜಗ್ಗುವುದಿಲ್ಲ.

ನಮ್ಮ ಬಳೆ ಬುಗ್ಗೆಗೂ ಕಂಪನಕ್ಕೂ ಜಗ್ಗಲಿಲ್ಲ. ಸ್ವಾಬ್ ಎಂದು ಕರೆಯುವ, ಸೆನ್ಸರಿನ ಅಗಲಕ್ಕೆ ಸರಿಯಾಗಿ 24 ಮಿ.ಮೀ. ಚಪ್ಪಟೆ ತುದಿಯುಳ್ಳ, ಎಳೆ ಬಿಡದ ಬಟ್ಟೆ ಸುತ್ತಿದ ಕಡ್ಡಿ ದೊರೆಯುತ್ತದೆ. ಅದಕ್ಕೆಂದೇ ಮಾಡಿದ, ಬೇಗ ಆರುವ ದ್ರವದ ಎರಡು ಹನಿಗಳನ್ನು ತುದಿಗೆ ಬಿಟ್ಟು, ಅದು ಹರಡಲು ಕ್ಷಣಕಾಲ ತಡೆದು, ಮಸಿಪೆನ್ನು ಹಾಳೆಯ ಮೇಲೆ ಓಡುವಷ್ಟು ಭಾರ ಮಾತ್ರ ಕೊಟ್ಟು, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ತಡೆಯದೆ ಎಳೆಯಬೇಕು. ಬಳಿಕ ಮಗ್ಗುಲು ತಿರುಗಿಸಿ ಇನ್ನೊಂದು ಮುಖದಿಂದ ಮರಳಿ ಎಳೆದು, ಕಡ್ಡಿಯನ್ನು ಎಸೆದುಬಿಡಬೇಕು. ಇದರಲ್ಲಿ ಮಿತವ್ಯಯ ಸಲ್ಲದು. ಇಂಥ ದ್ರವಗಳಲ್ಲಿ ಕೆಲವು ಮಿಥೈಲ್ ಆಲ್ಕೊಹಾಲಿನಿಂದ ಮಾಡಿದವು. ಅದು ವಿಷ, ಬೇಗ ಹೊತ್ತಿಕೊಳ್ಳುವಂಥದು. ಮಠದಲ್ಲಿ ಕೆಲಸ ಮಾಡುವವರು ಆ ಕೋಣೆಗೆ ಊದುಬತ್ತಿ, ಕರ್ಪೂರ, ದೀಪಗಳು ಬಾರದಂತೆ ನೋಡಿಕೊಳ್ಳಬೇಕು. ಮೊದಲ ಕಡ್ಡಿಗೆ ಬಳೆ ಹೋಗಲಿಲ್ಲ, ಹಿಗ್ಗಿತು. ಎಣ್ಣೆಯ ಸ್ವಭಾವವೇ ಅದು: ಮೊದಲು ಹರಡುತ್ತದೆ, ಆಮೇಲೆ ತೆಳುವಾಗುತ್ತದೆ. ಎರಡನೆಯದಕ್ಕೆ ಅದು ಮಸುಕಾಯಿತು. ಮೂರನೆಯದಕ್ಕೆ ಹೋಯಿತು, ಆದರೆ ದ್ರವ ಆರಿದ ಗುರುತು ಅಂಚಿನಲ್ಲಿ ಉಳಿಯಿತು. ನಾಲ್ಕನೆಯದು ಅದನ್ನೂ ಒಯ್ದಿತು.

ಇಷ್ಟು ಶ್ರಮವೇಕೆ, ಚಿತ್ರದಲ್ಲಿಯೇ ಅಳಿಸಬಹುದಲ್ಲ ಎಂದು ಗಣಕಯಂತ್ರ ಬಲ್ಲ ತರುಣರು ಕೇಳಿದರು. ಅಳಿಸಬಹುದು, ಒಂದು ಗುಂಡಿ ಒತ್ತಿದರೆ ಸಾಕು. ಆದರೆ ಆ ಗುಂಡಿ ಅಳಿಸುವುದಿಲ್ಲ, ಅಕ್ಕಪಕ್ಕದ ಓಲೆಯ ಮೈಯನ್ನು ನಕಲುಮಾಡಿ ಕಲೆಯ ಮೇಲೆ ತೇಪೆ ಹಚ್ಚುತ್ತದೆ. ತೇಪೆಯ ಕೆಳಗೆ ಏನಿತ್ತೆಂಬುದು ಅದಕ್ಕೆ ತಿಳಿಯದು. ಅಲ್ಲಿ ನಿಜವಾದ ಅಕ್ಷರದ ತುದಿಯೊಂದಿದ್ದರೆ ಅದೂ ಹೋಯಿತು. ನೋಡುವವನಿಗೆ ಅಂಥದೊಂದು ನಡೆಯಿತೆಂಬ ಸುಳಿವೂ ಉಳಿಯುವುದಿಲ್ಲ. ಮದುಮಗಳ ಕೆನ್ನೆಯ ಮೇಲಿನ ಚುಕ್ಕೆಗೆ ಈ ಉಪಾಯ ಸಾಕು. ಓಲೆಯ ಚಿತ್ರ ಒಂದು ಸಾಕ್ಷ್ಯ. ಮೂಲ ಮಣ್ಣುಗೂಡಿದ ಮೇಲೆ ಉಳಿಯುವುದು ಅದೊಂದೇ. ಸಾಕ್ಷಿಯ ಬಾಯಿಂದ ನಮಗೆ ಬೇಕಾದ ಮಾತು ಆಡಿಸುವ ಅಧಿಕಾರ ನಮಗಿಲ್ಲವೆಂದೇ ನನ್ನ ಮತ. ಖಗೋಳಶಾಸ್ತ್ರಜ್ಞರ ವಿಧಾನ ಇದಕ್ಕಿಂತ ಗೌರವದ್ದು: ಸಮನಾಗಿ ಬೆಳಗಿದ ಬಯಲಿನ ಚಿತ್ರವೊಂದನ್ನು ಅದೇ ಕಂಡಿಯಲ್ಲಿ ತೆಗೆದಿಟ್ಟು, ಆಕಾಶದ ಚಿತ್ರವನ್ನು ಅದರಿಂದ ಭಾಗಿಸುತ್ತಾರೆ. ನೆರಳಿನಿಂದ ಕುಂದಿದ ಬೆಳಕು ಲೆಕ್ಕದಿಂದ ಮರಳುತ್ತದೆ, ಇಲ್ಲದ್ದು ಸೇರುವುದಿಲ್ಲ. ಆದರೆ ಎರಡು ಚಿತ್ರಗಳ ನಡುವೆ ಕಣ ಕೂದಲೆಳೆಯಷ್ಟು ಸರಿದರೂ ಲೆಕ್ಕ ತಪ್ಪುತ್ತದೆ.

ಬಳೆ ಹೋದ ಮೇಲೆ ತೆಗೆದ ಬಿಳಿಹಾಳೆಯ ಚಿತ್ರದಲ್ಲಿ, ಅದುವರೆಗೆ ಲಕ್ಷ್ಯಕ್ಕೆ ಬಾರದಿದ್ದ ಇನ್ನೊಂದು ಸಣ್ಣ ಕಪ್ಪು ಚುಕ್ಕೆ ಎಡಗಡೆ ಕೆಳಗೆ ಕಂಡಿತು. ಅದಕ್ಕೂ ಬುಗ್ಗೆ, ಕಡ್ಡಿ, ಕಣವನ್ನು ಅಂಟಿಸಿಕೊಂಡು ಎತ್ತುವ ಮೆತ್ತನೆಯ ಅಂಟುತುದಿ, ಎಲ್ಲವನ್ನೂ ಪ್ರಯೋಗಿಸಿದ್ದಾಯಿತು. ಅದು ಮಿಸುಕಲಿಲ್ಲ. ಭೂತಗನ್ನಡಿ ಹಿಡಿದು ಕಣ್ಣನ್ನು ಅತ್ತಿತ್ತ ಸರಿಸಿ ನೋಡಿದಾಗ, ಗಾಜಿನ ಮೇಲಿನ ಧೂಳಿಗೂ ಅದಕ್ಕೂ ನಡುವೆ ಅಂತರ ಕಂಡಿತು: ಚುಕ್ಕೆ ಗಾಜಿನ ಒಳಮಗ್ಗುಲಲ್ಲಿದೆ. ಅಲ್ಲಿಗೆ ಯಾವ ಕಡ್ಡಿಯೂ ತಲುಪದು. ಅದನ್ನು ತೆಗೆಯಬೇಕಾದರೆ ಕ್ಯಾಮೆರಾವನ್ನು ಪೂರ್ತಿ ಬಿಚ್ಚಿ ಗಾಜನ್ನು ಕಳಚಬೇಕು. ದೂರದ ನಗರಕ್ಕೆ ಕಳುಹಿಸಿ ವಾರಗಟ್ಟಲೆ ಕಾಯುವುದೋ, ಅದನ್ನು ಇದ್ದಲ್ಲಿಯೇ ಬಿಟ್ಟು ಕೆಲಸ ನಡೆಸುವುದೋ ಎಂದು ಯೋಚಿಸಿ, ಪಂಡಿತರನ್ನೂ ಕೇಳಿ, ಎರಡನೆಯ ದಾರಿ ಹಿಡಿದೆವು.

ಮೊದಲು ಒಂದು ಚಿತ್ರಕ್ಕೆ ಐದು ಓಲೆಗಳನ್ನು ಕಪ್ಪು ಬಟ್ಟೆಯ ಮೇಲೆ ಜೋಡಿಸುತ್ತಿದ್ದೆವು. ಎಲ್ಲಕ್ಕಿಂತ ಕೆಳಗಿನ ಓಲೆ ಸರಿಯಾಗಿ ಆ ಚುಕ್ಕೆಯ ಕೆಳಗೆ ಬರುತ್ತಿತ್ತು. ಈಗ ನಾಲ್ಕನ್ನೇ ಇಡುತ್ತೇವೆ. ಚುಕ್ಕೆ ಬೀಳುವ ಜಾಗದಲ್ಲಿ ಬರಿಯ ಕಪ್ಪು ಬಟ್ಟೆಯಿರುತ್ತದೆ, ಕಪ್ಪಿನ ಮೇಲೆ ಕಪ್ಪು ನೆರಳು ಯಾರ ಪಾಠವನ್ನೂ ಕೆಡಿಸದು. ಇದರಿಂದ ಒಟ್ಟು ಚಿತ್ರಗಳ ಸಂಖ್ಯೆ ಕಾಲುಪಾಲು ಹೆಚ್ಚಿತು, ದಿನಗಳೂ ಹೆಚ್ಚಿದವು. ಪ್ರತಿಯೊಂದು ಕಟ್ಟಿನ ಮೊದಲ ಚಿತ್ರವಾಗಿ ಎಫ್ 22ರಲ್ಲಿ ತೆಗೆದ ಬಿಳಿಹಾಳೆಯನ್ನು, ಕೊನೆಯ ಚಿತ್ರವಾಗಿ ಅದನ್ನೇ ಮತ್ತೊಮ್ಮೆ ಇಡುತ್ತೇವೆ. ಮುಂದೆ ಯಾರಾದರೂ ಓಲೆಯೊಂದರಲ್ಲಿ ಸಂಶಯದ ಸೊನ್ನೆ ಕಂಡರೆ, ಆ ಎರಡು ಹಾಳೆಗಳ ಅದೇ ಸ್ಥಾನದಲ್ಲಿ ಏನಿದೆಯೆಂದು ನೋಡಿಕೊಳ್ಳಬಹುದು.